ನೋಲೀನಳ ನಾಲಿಗೆ

ಚಪ್ಪಲಿ, ಶೂ ರಿಪೇರಿ ಮಾಡುವ ನೋಲೀನ್ ಮೆಕ್‌ಲೀಶ್, ನೀರಿನ ಕಲೆಯಾದ ಚರ್ಮದ ಶೂವನ್ನು ಮೊದಲು ನೆಕ್ಕುತ್ತಾಳೆ. ಹೊಳೆ ಸಮುದ್ರ ಸೇರುವ ನಮ್ಮೂರು ರಿವರ್ಟನ್ನಿನಲ್ಲಿ ಇದಕ್ಕೆ ಯಾರೂ ಹೇಸುವುದಿಲ್ಲ. ಬಿಳಿ ಗೆರೆಗೆ ನಾಲಿಗೆಯ ತುದಿ ತಾಗಿಸಿ "ಸಮುದ್ರ" ಅನ್ನುತ್ತಾಳೆ, ಇಲ್ಲವೇ "ಹೊಳೆ". ಸಮುದ್ರವಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಬೇಕು. ಹೊಳೆಯಾದರೆ ಇಡೀ ಶೂವನ್ನು ಸಮನಾಗಿ ಒದ್ದೆ ಮಾಡಿ, ಒಳಗೆ ಪೇಪರ್ ತುರುಕಿ, ನೆರಳಲ್ಲಿ ಒಣಗಿಸಬೇಕು. ನೀರಿನ ಕಲೆ ಹೋಗಲು ಇನ್ನಷ್ಟು ನೀರು! ಪಕ್ಕದಲ್ಲೇ ಬೇಕರಿ ಇಟ್ಟುಕೊಂಡು ಇಪ್ಪತ್ತು ವರ್ಷ ನೋಡಿದರೂ ನನಗದು ಸೋಜಿಗವೇ.

ಕಳೆದ ಚಳಿಗಾಲದ ಜ್ವರ ಅವಳ ಬಾಯಿರುಚಿಯನ್ನೆಲ್ಲ ಒಯ್ದುಬಿಟ್ಟಿತು. "ನಾಲ್ಗೆ ಸತ್ತೋಯ್ತು ಕಣೇ. ಯಾರ್ ಹತ್ರಾನೂ ಬಾಯ್ಬಿಡ್ಬೇಡ. ಗೊತ್ತಾದ್ರೆ ನನ್ನಂಗ್ಡಿಗೆ ಯಾರ್ ಬರ್ತಾರೆ?" ಅಂತ ನನಗೊಬ್ಬಳಿಗೇ ಹೇಳಿದ್ದಳು. ನೆಕ್ಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ನೆಕ್ಕಿದಂತೆ ಮಾಡಿ, ಗಿರಾಕಿಯನ್ನು ಮಾತಿಗೆಳೆದು, ಎಲ್ಲಿ ನೆನೆಯಿತೆಂದು ಅವರ ಬಾಯಿಂದಲೇ ಹೊರಡಿಸುತ್ತಿದ್ದಳು.

ಅಕ್ಟೋಬರಿನ ಒಂದು ಬುಧವಾರ ನಾನು ಅವಳಿಗೆ ಚಹಾ ಕೊಡಲು ಹೋಗಿದ್ದೆ. ಹೈನುಗಾರ ರಸ್ ಹಾರ್ನಲ್ ಒಂದು ಜೊತೆ ಕಂದು ಶೂ ಹಿಡಿದು ಓಡಿಬಂದ. ಅವು ತೀರಿಹೋದ ಅವನ ಮಾವನವು. ಶನಿವಾರ ಮಗಳ ಮದುವೆ; ಅವನ್ನು ಹಾಕಿಕೊಂಡೇ ಅವಳನ್ನು ಚರ್ಚಿನೊಳಗೆ ಕರೆದೊಯ್ಯಬೇಕೆಂದು ಹೆಂಡತಿ ಗೇಲೀನಳ ಕಟ್ಟಪ್ಪಣೆ. ಕಾಲಿಗೆ ಒಗ್ಗಲೆಂದು ಹಾಕಿಕೊಂಡು ಹೊರಟ ಪುಣ್ಯಾತ್ಮ, ವೈಟ್‌ಬೇಟ್ ಮೀನುಮರಿಗಳು ಹಿಂಡುಹಿಂಡಾಗಿ ನದಿ ಏರುವುದನ್ನು ಕಂಡು ಬಲೆ ಸಮೇತ ಹಾಗೇ ನೀರಿಗಿಳಿದಿದ್ದ. ಸಾಲದ್ದಕ್ಕೆ ಶೂಗಳನ್ನು ಮನೆಯ ಬಿಸಿನೀರಿನ ಟ್ಯಾಂಕಿರುವ ಬೆಚ್ಚನೆಯ ಕಪಾಟಿನಲ್ಲಿಟ್ಟು ಒಣಗಿಸಿದ್ದ. ಗೆರೆ ಇನ್ನೂ ಗಟ್ಟಿಯಾಗಿ ಕೂತಿತ್ತು.

"ಎಲ್ಲಿ ಇಳ್ದಿದ್ದೆ?" ಅಂದಳು ನೋಲೀನ್.

"ನಮ್ ಹಿತ್ಲು ಕಾಲ್ವೇಲಿ."

ಹಸಿ ಸುಳ್ಳು. ನಮ್ಮೂರಿನವರು ಕಳ್ಳತನವನ್ನಾದರೂ ಒಪ್ಪಿಕೊಂಡಾರು, ವೈಟ್‌ಬೇಟಿಗೆ ಬಲೆ ಹಾಕುವ ಜಾಗ ಹೇಳಲಾರರು.

"ನನ್ನೇನ್ ಕೇಳ್ತೀಯ? ನೆಕ್ಕಿ ನೋಡು, ನಿಂಗೇ ಗೊತ್ತಾಗತ್ತಲ್ಲ," ಅಂದ ರಸ್.

ನೋಲೀನ್ ನೆಕ್ಕಿದಳು. ಅವಳ ಕಿವಿ ಕೆಂಪಾಯಿತು. ಮದ್ದು ತಪ್ಪಿದರೆ ಬಣ್ಣವೇ ಮಾಸುತ್ತದೆ, ಮತ್ತೆ ಒಣಗಿಸಲು ದಿನವಿಲ್ಲ.

"ನಿನ್ ಜಾಗ ಹೇಳು, ರಸ್," ಅಂದಳು ಕೊನೆಗೆ. "ಬದ್ಲಿಗೆ ನಂದು ಹೇಳ್ತೀನಿ."

ನಾನು ಬೆಚ್ಚಿದೆ. ಅದು ಅವಳಪ್ಪ ಅವಳಿಗೆ ಬಿಟ್ಟುಹೋದ ಬಲೆಯ ಜಾಗ. ನನಗೇ ಹೇಳಿರಲಿಲ್ಲ, ನೋಡಿ!

ರಸ್ ನನ್ನತ್ತ ತಿರುಗಿ, "ನೀನ್ ಕಿವಿ ಮುಚ್ಕೋ" ಅಂದ. ಬೆರಳ ಸಂದಿಯಲ್ಲಿ ಕೇಳುವಷ್ಟು ಮುಚ್ಚಿಕೊಂಡೆ.

"ಮುರಿದ್ ವಿಲೋ ಮರದ್ ಕೆಳ್ಗೆ. ಹಳೇ ಗೂಟ ಇದ್ಯಲ್ಲ, ಅಲ್ಲಿ."

"ಸಮುದ್ರದ್ ಉಬ್ಬರ ಅರ್ಧ ಏರಿತ್ತೋ, ಪೂರ್ತಿ ತುಂಬಿತ್ತೋ?"

"ಅರ್ಧ."

"ಹಂಗಾದ್ರೆ ಹೊಳೆ ನೀರೇ. ಪೂರ್ತಿ ತುಂಬಿದ್ರೆ ಮಾತ್ರ ಅಲ್ಲಿಗೆ ಉಪ್ಪು ಬರೋದು."

"ನಿಂಗ್ ಹೆಂಗ್ ಗೊತ್ತು?"

"ಅದೇ ನನ್ ಜಾಗ. ಆ ಗೂಟ ಹೊಡ್ದಿದ್ದು ನಮ್ಮಪ್ಪ ಕಣೋ, ಕಳ್ಳ!"

ಹೇಳಿದವಳೇ ಎರಡೂ ಶೂಗಳನ್ನು ಬಕೆಟ್ಟಿನ ನೀರಿಗೆ ಅದ್ದಿದಳು. ರಸ್ ಕಿರುಚಿದ. ಶನಿವಾರ ಚರ್ಚಿನಲ್ಲಿ ನಾನು ಮದುಮಗಳನ್ನು ನೋಡಲೇ ಇಲ್ಲ, ಅವಳಪ್ಪನ ಕಾಲನ್ನೇ ನೋಡಿದೆ. ಗೆರೆ ಇರಲಿಲ್ಲ.

ಭಾನುವಾರ ರಸ್ ಅದೇ ಜಾಗದ ವೈಟ್‌ಬೇಟನ್ನು ಮೊಟ್ಟೆಯಲ್ಲಿ ಕಲಸಿ ಕಾವಲಿಯಲ್ಲಿ ಹುರಿದು, ಬಿಸಿಬಿಸಿಯಾಗಿ ತಂದ. ನೋಲೀನ್ ಒಂದು ತುಂಡು ಬಾಯಿಗಿಟ್ಟು, ಚಪ್ಪರಿಸಿ, "ಚೆನ್ನಾಗಿದೆ. ಉಪ್ಪು ಒಂಚೂರು ಕಮ್ಮಿ" ಅಂದಳು.

ನಾನೂ ಒಂದು ತುಂಡು ತಿಂದೆ. ಬಾಯಿಗಿಡಲಾಗದಷ್ಟು ಉಪ್ಪು. ಗಡಿಬಿಡಿಯಲ್ಲಿ ಎರಡು ಸಲ ಹಾಕಿದ್ದನೇನೋ. ರಸ್ ತಾನೂ ಕಚ್ಚಿದ. ಅಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ, ನನ್ನ ಮುಖ ನೋಡಿದ.

"ಹೌದು ನೋಲೀನ್," ಅಂದ. "ಹಾಕೋದೇ ಮರ್ತೆ."

ಈಗ ಅವನು ಶೂ ತಂದಾಗಲೆಲ್ಲ, ಕೇಳುವ ಮೊದಲೇ ಎಲ್ಲಿ ನೆನೆಯಿತೆಂದು ಹೇಳಿಬಿಡುತ್ತಾನೆ. ಆಮೇಲೆ ಅವಳು ನೆಕ್ಕಿ ಮುಗಿಸುವವರೆಗೂ ಕಾಯುತ್ತಾನೆ.