ನಲವತ್ತು ಸೆಕೆಂಡಿನ ಮಕ್ಕಳ ಕಳ್ಳಿ

ಆಳಂದದ ಬಸವೇಶ್ವರಿ ಆರು ವರ್ಷ ಮಾಡಿದ ಕೆಲಸಕ್ಕೆ ಊರಲ್ಲಿ ಒಂದು ಹೆಸರೂ ಇರಲಿಲ್ಲ. ಕೇಳಿದವರಿಗೆಲ್ಲ ಅವಳ ತಾಯಿ ಹೀರಾಬಾಯಿ, "ಕಂಪ್ಯೂಟರ್‌ನ್ಯಾಗ ಹೊಲಸ ಬಳೀತಾಳ್ರಿ" ಎನ್ನುತ್ತಿದ್ದಳು. ಇದಕ್ಕಿಂತ ನೇರವಾಗಿ ಹೇಳಲು ನನಗೂ ಬರುವುದಿಲ್ಲ. ಬೋಲ್‌ಚೌಕ್ ಎಂಬ ಜಾಲತಾಣದಲ್ಲಿ ಜನ ಕನ್ನಡದಲ್ಲಿ ಸುರಿಯುವ ಬೈಗುಳ, ಬೆದರಿಕೆ, ಬೆತ್ತಲೆ ಚಿತ್ರ, ಹೆಣದ ವಿಡಿಯೋಗಳನ್ನು ನೋಡಿ, ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಹನ್ನೊಂದು ಜನರಲ್ಲಿ ಅವಳೊಬ್ಬಳು. ಹುಟ್ಟಿದ್ದು ಸರಸಂಬಾ. ಓದಿದ್ದು ಕನ್ನಡ ಎಂ.ಎ. ಉಪನ್ಯಾಸಕಿಯ ಹುದ್ದೆಗೆ ಅರ್ಜಿ ಹಾಕಿ ಹಾಕಿ ಬೇಸತ್ತು, ಆಳಂದದ ಬಾಡಿಗೆ ಮನೆಯ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕುಳಿತು ದಿನಕ್ಕೆ ಆರುನೂರು ಹೊಲಸು ನೋಡುತ್ತಿದ್ದಳು. ಕೆಲವು ದಿನ ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಏನು ಕಂಡೆ ಎಂದು ಹೀರಾಬಾಯಿ ಕೇಳುತ್ತಿರಲಿಲ್ಲ. ಒಂದು ತಂಬಿಗೆ ಮಜ್ಜಿಗೆ ಇಟ್ಟು ಹೋಗುತ್ತಿದ್ದಳು.

ಉಳಿದ ಹತ್ತು ಮಂದಿಗೆ ನಮ್ಮ ಕಡೆಯ ಮಾತು ತಿಳಿಯುತ್ತಿರಲಿಲ್ಲ. ಅಫಜಲಪುರದ ಮುದುಕಿಯೊಬ್ಬಳು ಮೊಮ್ಮಗನ ಫೋಟೋ ಕೆಳಗೆ "ನಿನ್ನ ಬಾಯಾಗ ಮಣ್ಣ ಹಾಕ್ಲಿ, ಎಷ್ಟ ಚಂದ ಕಾಣ್ತಿಯೋ" ಎಂದು ಬರೆದರೆ ಅವರು ಕೊಲೆ ಬೆದರಿಕೆ ಎಂದು ಹೌಹಾರುತ್ತಿದ್ದರು. ಯಾವನೋ ಒಬ್ಬ ಹುಡುಗಿಯ ಪುಟದ ಮೇಲೆ "ನಾಳೆ ಬಸ್‌ಸ್ಟ್ಯಾಂಡಿಗಿ ಬರ್ತೀಯಲ್ಲ, ಸ್ವಲ್ಪ ಮಾತಾಡೂದದ" ಎಂದು ಬರೆದರೆ, ಪಾಪ ಸಭ್ಯ ಮಾತು ಎಂದು ಬಿಟ್ಟುಬಿಡುತ್ತಿದ್ದರು. ಬಸವೇಶ್ವರಿ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ತೆಗೆಯುತ್ತಿದ್ದಳು. ಅವಳ ವಿದ್ಯೆ ಇಷ್ಟೇ. ಇಷ್ಟಾದರೂ ಇತ್ತು.

ಆಮೇಲೆ ಬೋಲ್‌ಚೌಕನ್ನು ಒಬ್ಬ ಕುಬೇರ ಕೊಂಡುಕೊಂಡ. ಸಂತೆಯಲ್ಲಿ ಹೋರಿ ಕೊಳ್ಳುವ ನಮ್ಮ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಈ ಮಹಾಶಯನಿಗೆ ತಾನು ಕೊಂಡದ್ದರೊಳಗೆ ಕನ್ನಡವೆಂಬುದೊಂದು ಇದೆ ಎಂದೂ ಗೊತ್ತಿರಲಿಲ್ಲ. ಕೊಂಡ ಮರುದಿನ ಕ್ಯಾಮರಾ ಮುಂದೆ ಹಲ್ಲುಕಿರಿದು, "ಇನ್ನು ಎಲ್ಲರ ದನಿಯೂ ಸ್ವತಂತ್ರ" ಎಂದ. ನಾಲ್ಕನೆಯ ದಿನ ಬಸವೇಶ್ವರಿ ಬೆಳಗಿನ ಚಹಾ ಕುಡಿದು ಕಂಪ್ಯೂಟರ್ ತೆರೆದರೆ ಬೋಲ್‌ಚೌಕಿನ ಬಾಗಿಲೇ ತೆರೆಯಲಿಲ್ಲ. ಹನ್ನೊಂದು ಜನರಿಗೂ ಒಂದೇ ಸಾಲಿನ ಇಂಗ್ಲಿಷ್ ಪತ್ರ. ಆರು ವರ್ಷ ಜಗತ್ತಿನ ಕಸ ಹೊತ್ತವರಿಗೆ "ಹೋಗಿ ಬನ್ನಿ" ಎನ್ನಲೂ ಒಂದು ನರಪಿಳ್ಳೆ ಇರಲಿಲ್ಲ. ಕನ್ನಡವನ್ನು ಇನ್ನು ಯಂತ್ರವೇ ನೋಡಿಕೊಳ್ಳುತ್ತದಂತೆ. ದುಡ್ಡು ಕೊಟ್ಟವರ ಹೆಸರಿನ ಮುಂದೆ ಹಳದಿ ನಕ್ಷತ್ರ ಬಂತು. ಹೆಚ್ಚು ಜನ ನೋಡಿದರೆ ನಕ್ಷತ್ರದವರಿಗೆ ಕಂಪನಿಯೇ ಸಂಭಾವನೆ ಕೊಡತೊಡಗಿತು. ಸುಳ್ಳಿಗೆ ಕೂಲಿ ನಿಗದಿಯಾಯಿತು, ಮತ್ತೇನು?

ಆಳಂದದಲ್ಲಿ ಆ ನಕ್ಷತ್ರವನ್ನು ಮೊದಲು ಕೊಂಡವನು ಅನೀಲಕುಮಾರ. ಬಸವೇಶ್ವರಿಗೆ ಕಾಕಾನ ಮಗ, ರೈತರ ತೊಗರಿ ತೂಗಿ ಮಾರಿಸಿ ದಲ್ಲಾಳಿ ಹಿಡಿಯುವ ಅಡತಿ ವ್ಯಾಪಾರಿ. ಹಣೆಗೆ ಮೂರು ಬೆರಳು ವಿಭೂತಿ, ಅಂಗಡಿಯ ಗೋಡೆಗೆ ಬಸವಣ್ಣನವರ ಪಟ, ಕೈಯಲ್ಲಿ ಎರಡು ಮೊಬೈಲು. "ಆಳಂದ ಜಾಗೃತಿ" ಎಂಬ ಅವನ ಪುಟಕ್ಕೆ ಅರವತ್ತು ಸಾವಿರ ಜನ ಹಿಂಬಾಲಕರು. ಅದರಲ್ಲಿ ಜಾಗೃತಿಯನ್ನು ನಾನಂತೂ ಕಂಡಿಲ್ಲ.

ಬಸವೇಶ್ವರಿ ಕೆಲಸ ಕಳೆದುಕೊಂಡ ಮೂರು ವಾರಕ್ಕೆ, ಒಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಪುಟದಲ್ಲಿ ನಲವತ್ತು ಸೆಕೆಂಡಿನ ಒಂದು ವಿಡಿಯೋ ಬಂತು. ಚೌಡಾಪುರದ ಒಂದು ಓಣಿ. ಬಳೆ ಮಾರುವ ಹೆಂಗಸೊಬ್ಬಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಿರಬಿರನೆ ನಡೆಯುತ್ತಿದ್ದಾಳೆ. ಹಿಂದೆ ಒಬ್ಬ ಮುದುಕಿ ಎದೆ ಬಡಿದುಕೊಂಡು, "ನನ್ನ ಕೂಸs, ನನ್ನ ಕೂಸs" ಎಂದು ಅಳುತ್ತಿದ್ದಾಳೆ. ಮೇಲೆ ಅನೀಲಕುಮಾರನ ಬರಹ: "ಹಾಡಹಗಲೇ ಮಕ್ಕಳ ಕಳ್ಳಿ? ತಾಯಂದಿರೇ, ಬಳೆ ಮಾರುವ ಇವಳ ಮುಖ ನೆನಪಿಡಿ!"

ಬಸವೇಶ್ವರಿಗೆ ಅರ್ಥವಾಗಲು ನಲವತ್ತು ಸೆಕೆಂಡೂ ಬೇಕಾಗಲಿಲ್ಲ. ಮುದುಕಿಯ ಕೈಯಲ್ಲಿ ಖಾಲಿ ಮೊರವಿತ್ತು. ಅವಳ ಹಿಂದೆ ನಿಂತ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದರು.

ನಮ್ಮ ಕಡೆ ಮೊದಲ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದು ಹುಟ್ಟಿದರೆ ಅದನ್ನು ಮಾರುತ್ತಾರೆ. ಮೊರದಲ್ಲಿ ಮಲಗಿಸಿ, ಬೇರೆ ಜಾತಿಯ, ಮಕ್ಕಳು ಗಟ್ಟಿಯಾಗಿ ಬದುಕಿದ ಹೆಂಗಸಿಗೆ ಕೊಡುತ್ತಾರೆ. ಅವಳು ಒಂದು ಹಿಡಿ ಜೋಳ ಕೊಟ್ಟು ಕೊಂಡು, ಸೆರಗಲ್ಲಿ ಮುಚ್ಚಿ ಮೂರು ದಾರಿ ಕೂಡುವಲ್ಲಿಗೆ ಹೋಗುತ್ತಾಳೆ. ಅಜ್ಜಿ ಸುಳ್ಳುಸುಳ್ಳೇ ಅತ್ತುಕೊಂಡು ಬೆನ್ನು ಹತ್ತಿ, ಮೊರದ ತುಂಬ ಜೋಳ ಸುರಿದು ಮರಳಿ ಕೊಳ್ಳುತ್ತಾಳೆ. ಕೂಸು ಈ ಮನೆಯದಲ್ಲ ಎಂದು ಸಾವಿಗೆ ತಪ್ಪು ವಿಳಾಸ ಕೊಟ್ಟು ಕಳಿಸುವ ಆಟ. ಅತ್ತದ್ದು ಕಡಿಮೆಯಾದರೆ ಆಟ ಫಲಿಸುವುದಿಲ್ಲವೆಂದು ಅಜ್ಜಿಯರು ಗಂಟಲು ಹರಿದುಕೊಳ್ಳುತ್ತಾರೆ. ಅನೀಲಕುಮಾರನ ಮನೆಯಲ್ಲೂ ಇದು ನಡೆದಿದೆ. ವಿಡಿಯೋದಲ್ಲಿ ಜೋಳ ಸುರಿಯುವ ಭಾಗವನ್ನು ಯಾರೋ ಕತ್ತರಿಸಿದ್ದರು.

ಅವಳು ದೂರು ಒತ್ತಿದಳು. ಎರಡು ನಿಮಿಷಕ್ಕೆ ಯಂತ್ರದ ಉತ್ತರ ಬಂತು: ಪರಿಶೀಲಿಸಲಾಗಿದೆ, ನಿಯಮ ಉಲ್ಲಂಘನೆ ಕಂಡುಬಂದಿಲ್ಲ. ಮೇಲಿನವರನ್ನು ಹಿಡಿಯೋಣವೆಂದರೆ ಅವಳ ಹಳೆಯ ಮೇಲ್ವಿಚಾರಕಿಯೂ ಮನೆಯಲ್ಲಿ ಕುಳಿತಿದ್ದಳು. ಚಪ್ಪಲಿ ಮೆಟ್ಟಿ ಅಡತಿ ಅಂಗಡಿಗೇ ನಡೆದಳು.

"ಅನೀಲಣ್ಣ, ಅದು ಕೂಸ ಮಾರೂ ಆಟ. ನಿನಗ ಗೊತ್ತದ. ಈಗಿಂದೀಗ ತಗಿ."

"ಬಾ ತಂಗಿ, ಕೂಡು. ಚಾ ಕುಡಿ. ನಾ ಏನ ಸುಳ್ಳ ಹೇಳೀನಿ? ಹೊತಗೊಂಡ ಹೋಗೂದು ಕಾಣಾಕತ್ತದೋ ಇಲ್ಲೋ?"

"ಕಳ್ಳಿ ಅಂತ ಬರ್ದೀಯಲ್ಲ!"

"ನೆಟ್ಟಗ ಓದು. ಪ್ರಶ್ನೆ ಚಿಹ್ನಿ ಹಾಕೀನಿ. ಕೇಳೀನಿ ಅಷ್ಟ. ಕೇಳೂದೂ ತಪ್ಪೇನು?" ಎನ್ನುತ್ತ ಮೊಬೈಲು ತಿರುಗಿಸಿ ತೋರಿಸಿದ. "ಒಂದು ತಾಸಿಗೆ ಎಂಬತ್ತು ಸಾವಿರ ಮಂದಿ ನೋಡ್ಯಾರ. ಕೆಲಸ ಹೋತಂತ ತಲಿ ಕೆಡಸ್ಕೋಬ್ಯಾಡ ಬಸೂ. ನಿನ್ನ ಕತ್ತರಿ ಕಾಲ ಮುಗೀತು. ಇದು ಮಾತಾಡೂ ಕಾಲ."

ನೋಡಿ, ಮೂರ್ಖನ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿದ್ದೂ ಪ್ರಶ್ನೆ ಚಿಹ್ನೆಯ ಹಿಂದೆ ಅಡಗಿ ಕುಳಿತುಕೊಳ್ಳುವ ಈ ಜಾಣರಿದ್ದಾರಲ್ಲ, ವಚನ ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡವರು, ಇವರನ್ನು ಕಂಡರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಬಸವೇಶ್ವರಿ ಎರಡು ಬಸ್ಸು ಬದಲಿಸಿ ಚೌಡಾಪುರ ಮುಟ್ಟಿದಾಗ ಹನ್ನೆರಡು ದಾಟಿತ್ತು. ವಿಡಿಯೋದ ಮುದುಕಿ ಬಾಳಮ್ಮ ಸಿಕ್ಕಳು. ಕೂಸು ಮಲ್ಕಪ್ಪ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ. ಬಳೆಗಾರ್ತಿ ಕುಲಸುಮಬಿ ಮಾತ್ರ ಮನೆಯಲ್ಲಿರಲಿಲ್ಲ. ನಸುಕಿನಲ್ಲೇ ಬಳೆ ಬುಟ್ಟಿ ಹೊತ್ತು ಜೇವರ್ಗಿ ಕಡೆಯ ಹಳ್ಳಿಗಳಿಗೆ ಹೋಗಿದ್ದಳು. ಅವಳದು ಗುಂಡಿ ಒತ್ತುವ ಮೊಬೈಲು, ಅದೂ ಬಂದ್. ತನ್ನ ಮುಖ ಲಕ್ಷ ಜನರ ಅಂಗೈಯಲ್ಲಿರುವುದು ಅವಳೊಬ್ಬಳಿಗೇ ಗೊತ್ತಿರಲಿಲ್ಲ.

"ಯಾವ ಬಾಡ್ಯಾ ಹಾಕ್ಯಾನ ಇದನ್ನ?" ಎಂದು ಬಾಳಮ್ಮ ಸೊಂಟ ಕಟ್ಟಿದಳು. "ಹಿಡಿಯವ್ವ ನಿನ್ನ ಮೊಬೈಲ. ನಾ ಹೇಳ್ತೇನಿ."

ಕ್ಯಾಮರಾ ಮುಂದೆ ಮೊಮ್ಮಗನನ್ನು ಎತ್ತಿಕೊಂಡು ಹೇಳಿದಳು: "ನಾನs ಮಾರೀನ್ರಿ ಈ ಕೂಸಿನ್ನ. ಕುಲಸುಮಬಿಗಿ ಮಾರೀನಿ, ಜ್ವಾಳ ಕೊಟ್ಟ ತಿರುಗಿ ತಗೊಂಡೀನಿ. ಎರಡು ಕೂಸ ಮಣ್ಣಿಗಿ ಕೊಟ್ಟೀವ್ರಿ, ಇದಾದ್ರೂ ಉಳೀಲಿ ಅಂತ. ಆಕಿ ಕಳ್ಳಿ ಅಲ್ಲ. ಈ ಕೂಸಿಗಿ ಆಕಿ ಎರಡನೇ ತಾಯಿ."

ಬಸವೇಶ್ವರಿ ಅದನ್ನು ಹಾಕಿದ ಏಳನೆಯ ನಿಮಿಷಕ್ಕೆ ಯಂತ್ರ ಎಚ್ಚೆತ್ತಿತು. ಅನೀಲಕುಮಾರನ ಸುಳ್ಳಿನಲ್ಲಿ ಏನನ್ನೂ ಕಾಣದ ಆ ಯಂತ್ರಕ್ಕೆ ಬಾಳಮ್ಮನ ಸತ್ಯದಲ್ಲಿ ಮಕ್ಕಳ ಮಾರಾಟ ಕಂಡಿತು. ವಿಡಿಯೋ ತೆಗೆಯಿತು. ಬಸವೇಶ್ವರಿಯ ಖಾತೆಯನ್ನು ಮೂವತ್ತು ದಿನ ಮುಚ್ಚಿತು. ಎಲ್ಲರ ದನಿಯೂ ಸ್ವತಂತ್ರ ಎಂದಿದ್ದನಲ್ಲ ಆ ಕುಬೇರ, ಅವನ ಸ್ವತಂತ್ರ ಭಾರತದಲ್ಲಿ ಬಾಳಮ್ಮನ ದನಿಗೆ ಆಯಸ್ಸು ಏಳು ನಿಮಿಷ.

ಎರಡೂವರೆಗೆ ಸುದ್ದಿ ಬಂತು. ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಬರೆದರೆ ಉಳಿದ ಹಳ್ಳಿಗಳು ತಾವು ಸಾಚಾ ಎಂದುಕೊಂಡಾವು. ಕುಲಸುಮಬಿ ಊರಬಾಗಿಲಾದ ಅಗಸಿಯ ಬಳಿ ಬುಟ್ಟಿ ಇಳಿಸಿ, ಒಂದು ಹುಡುಗಿಯ ಕೈ ಹಿಡಿದು ಬಳೆ ಏರಿಸುತ್ತಿದ್ದಳು. ಹುಡುಗಿ ನೋವಿಗೆ ಚೀರಿತು. ಬಳೆ ಏರಿಸುವಾಗ ಚೀರದ ಹುಡುಗಿ ಯಾವ ಊರಲ್ಲಿದ್ದಾಳೆ? ಆದರೆ ಅಂದು ಬೆಳಿಗ್ಗೆ ಆ ಊರಿನ ಎಲ್ಲ ಮೊಬೈಲುಗಳಲ್ಲೂ ಆ ಮುಖವಿತ್ತು. ಇಪ್ಪತ್ತು ವರ್ಷ ಅವಳ ಕೈಯಲ್ಲೇ ಬಳೆ ತೊಟ್ಟ ಹೆಂಗಸರು ಬುಟ್ಟಿ ತುಳಿದರು. ಗಂಡಸರು ಕೈ ತಿರುವಿದರು. ಬಸ್ ಕಂಡಕ್ಟರನೊಬ್ಬ ಇಳಿದು ಬಂದು ಅವಳನ್ನು ಎಳೆದು ಬಸ್ಸಿಗೆ ಹಾಕಿಕೊಳ್ಳದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬಲಗೈ ಹೆಬ್ಬೆರಳಿನ ಮೂಳೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಬಾಳಮ್ಮನ ಜೊತೆ ಬಂದ ಬಸವೇಶ್ವರಿಯನ್ನು ಕಂಡು ಕುಲಸುಮಬಿ ಕೇಳಿದ್ದು ಇಷ್ಟೇ: "ಬೇಟಿ, ಹೆಬ್ಬಟ್ಟ ಇಲ್ಲದ ಬಳಿ ಹ್ಯಾಂಗ ಏರಸ್ಲಿ? ಇನ್ನ ಯಾವ ಊರಾಗ ಕಾಲ ಇಡ್ಲಿ?"

ಮರುದಿನ ಬೆಳಿಗ್ಗೆ ಬಾಳಮ್ಮ ಕೂಸನ್ನೂ ಮೊರವನ್ನೂ ಹೊತ್ತು ಆಳಂದಕ್ಕೆ ಬಂದಳು. ಜೊತೆಗೆ ಬಸವೇಶ್ವರಿ. ಅಡತಿ ಅಂಗಡಿಯಲ್ಲಿ ತೊಗರಿಯ ರಾಶಿ, ತೂಕಕ್ಕೆ ಕಾದ ಹತ್ತಿಪ್ಪತ್ತು ರೈತರು. ಬಾಳಮ್ಮ ನೇರ ಹೋಗಿ ಕೂಸನ್ನು ತೊಗರಿಯ ರಾಶಿಯ ಮೇಲೆ ಮಲಗಿಸಿದಳು.

"ಸಾವ್ಕಾರ್ರ, ಈ ಕೂಸಿನ ಚಿಂತಿ ಭಾಳ ಆಗ್ಯದಂತಲ್ರಿ ನಿಮಗ? ತಗೋರಿ. ಎತಗೊಂಡ ನಾಕ ಹೆಜ್ಜಿ ನಡೀರಿ. ನಾ ಹಿಂದ ಅಳಕೋತ ಬರ್ತೇನಿ. ಯಾರರ ಒಬ್ರು ವಿಡಿಯೋ ಮಾಡ್ರೆಪಾ, ಸಾವ್ಕಾರ್ರು ಕೂಸ ಕದ್ದಾರಂತ ಹಾಕೋಣು. ಪ್ರಶ್ನೆ ಚಿಹ್ನಿನೂ ಹಾಕೋಣು."

"ಏ ಮುದುಕಿ, ತಗಿ ಅದನ್ನ! ಮಾಲ ಕೆಡ್ತದ!"

ಮಲ್ಕಪ್ಪ ಮಾಲಿನ ಮೇಲೆ ನಿರಾಳವಾಗಿ ಉಚ್ಚೆ ಹೊಯ್ದ. ರೈತರು ಬಿದ್ದು ಬಿದ್ದು ನಕ್ಕರು. ಬಸವೇಶ್ವರಿ ನಡೆದದ್ದನ್ನು ಅವರಿಗೆ ಬಿಡಿಸಿ ಹೇಳಿದಳು. ನಗು ನಿಂತಿತು. ಮೂಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕ ನಿಧಾನವಾಗಿ ಕೇಳಿದ: "ಅಲ್ರೀ ಸಾವ್ಕಾರ್ರ, ಅರ್ಧಾ ಕತ್ತರಿಸಿ ತೋರಸ್ತೀರಿ ಅಂದ್ರ, ನಮ್ಮ ತೊಗರಿ ತೂಕದಾಗೂ ಹಿಂಗs ಏನ್ರಿ?"

ಅನೀಲಕುಮಾರನ ಕೈ ಜೇಬಿಗೆ ಹೋಯಿತು. ನಾಲ್ಕು ಸೆಕೆಂಡಿನಲ್ಲಿ ವಿಡಿಯೋ ಅಳಿಯಿತು. ಮುರಿದ ಹೆಬ್ಬೆರಳು ಮಾಡದ ಕೆಲಸವನ್ನು ತಕ್ಕಡಿಯ ಮಾತು ಮಾಡಿತು. ಇದು ಇವರ ಆತ್ಮಸಾಕ್ಷಿ ಇರುವ ಜಾಗ.

ಅಳಿದದ್ದು ಅವನ ಪುಟದಿಂದ ಮಾತ್ರ. ಅಷ್ಟರೊಳಗೆ ಅದು ಊರೂರಿನ ಗುಂಪುಗಳಿಗೆ, ಗುಂಪಿನಿಂದ ಗುಂಪಿಗೆ ಹರಿದು ಹೋಗಿತ್ತು. ಠಾಣೆಗೆ ದೂರು ಕೊಟ್ಟರು. ದೂರು ಬರೆದುಕೊಂಡವರು "ವಿಚಾರಣೆ ನಡೆದಿದೆ" ಎಂದರು. ಇವತ್ತಿಗೂ ನಡೆದೇ ಇದೆ.

ಎರಡು ತಿಂಗಳ ಮೇಲೆ ಕುಲಸುಮಬಿಯ ಪಟ್ಟಿ ಬಿಚ್ಚಿದರು. ಹೆಬ್ಬೆರಳು ಮಡಚಲಿಲ್ಲ. ಬಳೆ ಏರಿಸಲು ಒಂದು ಕೈ ಎದುರಿನವರ ಅಂಗೈಯನ್ನು ಒತ್ತಿ ಸಣ್ಣದು ಮಾಡಬೇಕು, ಇನ್ನೊಂದು ಕೈ ಬಳೆ ಜಾರಿಸಬೇಕು. ಒತ್ತುವ ಕೈ ಹೋಗಿತ್ತು. ಬಸವೇಶ್ವರಿ ಹದಿನೈದು ದಿನ ಅವಳ ಮನೆಯಲ್ಲಿ ಕುಳಿತು ಒತ್ತುವುದನ್ನು ಕಲಿತಳು. ಹೀರಾಬಾಯಿ ಮೊದಲು ಕೂಗಾಡಿದಳು: "ಎಂ.ಎ. ಓದಿ ಬಳಿ ಏರಸ್ತೀಯೇನ್ ಬೇ?" ಆಮೇಲೆ ಬುತ್ತಿ ಕಟ್ಟಿಕೊಟ್ಟಳು.

ಇಬ್ಬರೂ ಮೊದಲು ಹೋದದ್ದು ಅದೇ ಹಳ್ಳಿಗೆ. ಹೋಗಲೇಬೇಕೆಂದು ಹಟ ಹಿಡಿದವಳು ಬಸವೇಶ್ವರಿ. ಅಗಸಿಯ ಬಳಿ ಬುಟ್ಟಿ ಇಳಿಸಿದರು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಬಂದಳು, ಹಿಂದೆ ನಾಲ್ವರು. ತಪ್ಪಾಯಿತು ಎಂದು ಒಬ್ಬಳ ಬಾಯಿಂದಲೂ ಬರಲಿಲ್ಲ. ಹಸಿರು ಇವೆಯೇ ಎಂದು ಕೇಳಿದರು. ಹಬ್ಬ ಹತ್ತಿರವಿತ್ತು, ಬಣ್ಣ ಬೇಕಿತ್ತು, ಲಜ್ಜೆ ಬೇಕಿರಲಿಲ್ಲ. ಕುಲಸುಮಬಿ ತಲೆ ತಗ್ಗಿಸಿ ಅಳತೆ ನೋಡಿದಳು. ಬಸವೇಶ್ವರಿ ಮೊದಲನೆಯವಳ ಅಂಗೈಯನ್ನು ಒತ್ತಿ ಹಿಡಿದು ಹಾಗೇ ನಿಲ್ಲಿಸಿದಳು.

"ಮೊಬೈಲ ತಗೀರಿ ಅಕ್ಕಾರ."

"ಯಾಕವ್ವಾ?"

"ಈಕಿ ವಿಡಿಯೋ ಅದಲ್ಲ, ಅದನ್ನ ಡಿಲೀಟ ಮಾಡ್ರಿ. ಆಮ್ಯಾಲ ಬಳಿ."

"ಬಿಡ ಕೈ! ನೂಯಾಕತ್ತದ!"

"ನೂಯ್ಲಿ. ಈಕಿಗೂ ನೊಂದದ."

ಹೆಂಗಸು ಸುತ್ತ ನೋಡಿದಳು. ಯಾರೂ ಬಿಡಿಸಲು ಬರಲಿಲ್ಲ. ಇನ್ನೊಂದು ಕೈಯಲ್ಲಿ ಮೊಬೈಲು ತೆಗೆದು, ಹುಡುಕಿ, ಅಳಿಸಿದಳು. ಕುಲಸುಮಬಿ ಹಸಿರು ಬಳೆ ಜಾರಿಸಿದಳು. ಎರಡನೆಯವಳು ಕೈ ಚಾಚುವ ಮೊದಲೇ ಮೊಬೈಲು ತೆಗೆದಳು. ಆ ದಿನ ಮೂವತ್ತೊಂದು ಕೈ, ಮೂವತ್ತೊಂದು ಮೊಬೈಲು. ಹೊರಡುವಾಗ ಒಬ್ಬಳು ಅನುಮಾನದಿಂದ ಕೇಳಿದಳು, "ನೀವು ಯಾವ ಆಫೀಸಿನವರ್ರಿ?"

"ಯಾವ ಆಫೀಸೂ ಇಲ್ಲ" ಎಂದು ಬಸವೇಶ್ವರಿ ಬುಟ್ಟಿಯನ್ನು ಕುಲಸುಮಬಿಯ ತಲೆಗೆ ಏರಿಸಿದಳು. "ನಿಮ್ಮ ಗಂಡನ ಮೊಬೈಲದಾಗೂ ಇರ್ತದ. ಮುಂದಿನ ವಾರ ಅದನ್ನೂ ತರ್ರಿ."