ನೀರು ಮೇಲಕ್ಕೆ ಹರಿದ ಗೋಡೆ

ಬೆಳಗಿನ ಆರೂಕಾಲು. ಶೆಡ್ಡಿನ ಪೂರ್ವದ ಬಾಗಿಲು ತೆರೆದಿದೆ. ಎಳೆ ಬಿಸಿಲು ಅಡ್ಡಡ್ಡ ಬಂದು ಗೋಡೆಗೆ ತಾಗುತ್ತಿದೆ. ಗೋಡೆಯೆಂದರೆ ಮನೆಯ ಗೋಡೆಯಲ್ಲ. ನಾಲ್ಕಡಿ ಅಗಲ, ಆರಡಿ ಎತ್ತರದ ಪ್ಲೈವುಡ್ ಮೇಲೆ ಸುಣ್ಣ, ಮರಳು, ಬೂದಿ ಮೆತ್ತಿ ಮಾಡಿದ್ದು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಐವತ್ತೆರಡರ ಹೆಂಗಸು ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ಹಲಗೆಗೆ ತಾಗಿಸಿದಷ್ಟು ಹತ್ತಿರ ಒಯ್ದು ನೋಡುತ್ತಾರೆ. ಹೀಗೆ ನೋಡಲು ದಿನಕ್ಕೆ ಸಿಗುವುದು ಇಪ್ಪತ್ತೇ ನಿಮಿಷ. ಬಿಸಿಲು ಏರಿದರೆ ಉಬ್ಬುತಗ್ಗೆಲ್ಲ ಮಾಯ.

"ನಡುಮಧ್ಯಾಹ್ನ ನೋಡಿದ್ರೆ ಎಲ್ಲಾ ಗೋಡೆನೂ ಚೆನ್ನಾಗೇ ಕಾಣತ್ತೆ. ಅಡ್ಡ ಬೆಳಕು ಬಿದ್ರೆ ಬಣ್ಣ ಬಯಲು," ಎನ್ನುತ್ತಾ ಗೋಣಿಚೀಲದ ಚೂರಿನಿಂದ ಒಂದು ಮೂಲೆಯನ್ನು ಉಜ್ಜುತ್ತಾರೆ.

ಸುತ್ತಲಿನವರಿಗೆಲ್ಲ ಇವರು ಗೋಡೆಯಕ್ಕ. ಫೋಟೊ ಸ್ಟುಡಿಯೊಗಳಿಗೆ ಹಿನ್ನೆಲೆಯ ಗೋಡೆ ಮಾಡಿಕೊಡುವುದು ಇವರ ಕಸುಬು, ಅದೂ ಹತ್ತೊಂಬತ್ತು ವರ್ಷದಿಂದ. ಕ್ಯಾಲೆಂಡರಿನಲ್ಲಿ, ಪುಸ್ತಕದ ರಕ್ಷಾಪುಟದಲ್ಲಿ ಕಂಡು ನೀವು "ಅಬ್ಬಾ, ಎಂಥ ಹಳೇ ಗೋಡೆ!" ಎಂದು ಬೆರಗಾಗುತ್ತೀರಲ್ಲ, ಅಂಥ ಎಷ್ಟೋ ಗೋಡೆಗಳಿಗೆ ವಯಸ್ಸು ಬರೀ ಹತ್ತು ದಿನ. ಒಂದೊಂದಕ್ಕೂ ಹನ್ನೊಂದು ಪದರ. ಒಂದು ಪದರ ಆರುವ ಮುಂಚೆ ಇನ್ನೊಂದು ಬಳಿದರೆ ಬಿರುಕು ಬಿಡಬೇಕಾದ ಕಡೆ ಬಿಡುವುದಿಲ್ಲ. ಹಳದಿ ಕಲೆಗೆ ಚಹಾದ ಡಿಕಾಕ್ಷನ್. ಮಳೆನೀರು ಇಳಿದ ಗೆರೆಗೆ, ತುಕ್ಕು ಮೊಳೆ ನೆನೆಸಿದ ಉಪ್ಪುನೀರು.

"ಸ್ಟುಡಿಯೊದವರು ಟೆಕ್ಸ್ಚರ್ ಅಂತಾರೆ, ನಾನು ತರಿ ಅಂತೀನಿ. ನುಣ್ಣನೆ ಗೋಡೆ ಮುಂದೆ ನಿಂತ್ರೆ ಮನುಷ್ಯ ಅಂಟಿಸಿದ ಹಾಗೆ ಕಾಣ್ತಾನೆ. ಹಿಂದೆ ತರಿ ಇದ್ರೆ ಮುಖ ಮುಂದಕ್ಕೆ ಬರತ್ತೆ. ಹಾಗಂತ ಸುಕ್ಕು ಮುಖದ ಹಿಂದೆ ಜಾಸ್ತಿ ತರಿ ಹಾಕಿದ್ರೋ, ಎರಡೂ ಜಗಳಕ್ಕೆ ಬೀಳ್ತವೆ."

ಈ ವಿದ್ಯೆಯನ್ನು ಇವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಯಜಮಾನರು ಗಾರೆ ಕೆಲಸದವರು, ಇವರು ಅವರ ಕೈಗೆ ಗಾರೆ ಕೊಡುತ್ತಿದ್ದವರು. ಸಾರುವೆಯಿಂದ ಬಿದ್ದು ಯಜಮಾನರ ಸೊಂಟ ಮುರಿದ ಮೇಲೆ ಕರಣೆ ಇವರ ಕೈಗೆ ಬಂತು. ಈಗ ಅವರು ಕುರ್ಚಿಯಲ್ಲಿ ಕೂತು ಮರಳು ಜರಡಿ ಹಿಡಿಯುತ್ತಾರೆ. "ನಾನು ಮೂವತ್ತು ವರ್ಷ ಗೋಡೆ ನುಣ್ಣಗೆ ಮಾಡೋಕೆ ಹೆಣಗಾಡಿದೆ. ಇವಳು ಅದನ್ನ ಕೆಡಿಸಿ ಅನ್ನ ಹುಟ್ಟಿಸ್ತಾಳೆ ನೋಡಿ," ಎಂದು ಛೇಡಿಸುತ್ತಾರೆ. ವಾರಕ್ಕೆ ಮೂರು ಗೋಡೆ, ಒಂದೊಂದೂ ನಲವತ್ತು ಕೆಜಿ ಭಾರ. ಸುಣ್ಣದ ಧೂಳಿನ ಕೆಮ್ಮು ಮನೆಯವರಂತೆ ಜೊತೆಗೇ ಇದೆ.

ಇಷ್ಟು ಮಾಡಿದ ಹೆಂಗಸನ್ನು ಹತ್ತೊಂಬತ್ತು ವರ್ಷದಲ್ಲಿ ಯಾವ ಸ್ಟುಡಿಯೊವೂ ಒಳಗೆ ಕರೆದಿಲ್ಲ. ಗೋಡೆ ವ್ಯಾನು ಹತ್ತಿ ಹೋಗುತ್ತದೆ, ಗೋಡೆಯಕ್ಕ ಶೆಡ್ಡಿನಲ್ಲೇ. ಇದನ್ನೂ ಸಹಿಸಿಕೊಳ್ಳಬಹುದಿತ್ತೇನೋ. ಆದರೆ ಕಳೆದ ತಿಂಗಳು ನಡೆದದ್ದು ಕೇಳಿದರೆ ಮೈ ಉರಿಯುತ್ತದೆ.

ಇವರ ಅರ್ಧಕ್ಕರ್ಧ ಗೋಡೆಗಳನ್ನು ಕೊಳ್ಳುವ ಫೋಟೊಗ್ರಾಫರ್ ಒಬ್ಬರಿಗೆ ದೊಡ್ಡ ಬಹುಮಾನ ಬಂತು. ಚಾಕುಗಳಿಗೆ ಸಾಣೆ ಹಿಡಿಯುವ ಮುದುಕನ ಚಿತ್ರ, ಹಿಂದೆ ಇವರ ಗೋಡೆ. "ಕಾಲವೇ ತನ್ನ ಕೈಯಾರೆ ಬರೆದ ಗೋಡೆ" ಎಂದು ತೀರ್ಪುಗಾರರು ಹೊಗಳಿದರು. ಕಾಲವಂತೆ ಕಾಲ! ಬರೆದ ಕೈ ಇಲ್ಲೇ ಶೆಡ್ಡಿನಲ್ಲಿ ಗಾರೆ ಕಲಸುತ್ತಿತ್ತು. ಆ ಮಹಾನುಭಾವರು ವೇದಿಕೆಯಲ್ಲಿ ಲೆನ್ಸಿಗೂ ಥ್ಯಾಂಕ್ಸ್ ಹೇಳಿದರು. ಇವರ ಸುದ್ದಿಯೇ ಇಲ್ಲ.

ಪ್ರದರ್ಶನಕ್ಕೆ ಟಿಕೆಟ್ ಕೊಂಡು ಹೋದ ಗೋಡೆಯಕ್ಕ ಚಿತ್ರದ ಮುಂದೆ ನಿಂತವರೇ ತಲೆಯ ಮೇಲೆ ಕೈ ಹೊತ್ತರು. ಗೋಡೆ ತಲೆಕೆಳಗು! ಹಿಂಬದಿಯಲ್ಲಿ ಮೇಲು ಯಾವುದೆಂದು ಸೀಮೆಸುಣ್ಣದಲ್ಲಿ ಬಾಣ ಹಾಕಿಯೇ ಕಳಿಸಿದ್ದರು. ಅದನ್ನು ನೋಡುವ ವ್ಯವಧಾನ ಯಾರಿಗಿದೆ? ವ್ಯಾನಿನಿಂದ ಇಳಿಸಿದ ಹಾಗೇ ನಿಲ್ಲಿಸಿದ್ದಾರೆ. ಮಳೆನೀರಿನ ಗೆರೆಗಳು ನೆಲದಿಂದ ಸೂರಿನ ಕಡೆಗೆ ಹರಿಯುತ್ತಿವೆ. ಆ ಮಹಾ ತೀರ್ಪುಗಾರರ ಪೈಕಿ ಒಬ್ಬರ ಕಣ್ಣಿಗೂ ಇದು ಬೀಳಲಿಲ್ಲ.

ಫೋನಿನಲ್ಲಿ ಹೇಳಿದರೆ ಫೋಟೊಗ್ರಾಫರ್ ನಕ್ಕರು. "ಅಯ್ಯೋ ಅಕ್ಕಾ, ಯಾರಿಗೆ ಗೊತ್ತಾಗತ್ತೆ ಬಿಡಿ."

"ನನಗೆ ಗೊತ್ತಾಗತ್ತಲ್ಲ ಸರ್," ಎಂದರು ಇವರು. "ಹೆಸರು ಹಾಕ್ಲಿಲ್ಲ, ಹಾಳಾಗ್ಲಿ. ಆದ್ರೆ ನೀರು ಮೇಲಕ್ಕೆ ಹರಿಸೋ ಅಷ್ಟು ದಡ್ಡಿ ನಾನಲ್ಲ. ಮುಂದಿನ ಗೋಡೆ ನನ್ನ ಜೊತೆಗೇ ಬರತ್ತೆ. ನಾನೇ ನಿಲ್ಲಿಸ್ತೀನಿ, ಫೋಟೊ ಆಗೋವರೆಗೂ ಅಲ್ಲೇ ಇರ್ತೀನಿ."

"ಸ್ಟುಡಿಯೊದಲ್ಲಿ ಜಾಗ ಕಮ್ಮಿ ಅಕ್ಕಾ."

"ಆರಡಿ ಗೋಡೆಗೆ ಜಾಗ ಇದೆ, ಅದನ್ನ ಮಾಡಿದ ಐದಡಿ ಹೆಂಗಸಿಗೆ ಇಲ್ವಾ?"

ಫೋನ್ ಕಟ್ಟಾಯಿತು. ಅಂದಿನಿಂದ ಮನೆಯಲ್ಲಿ ಒಂದೇ ಚಿಂತೆ. ಈ ಗಿರಾಕಿ ಕೈಬಿಟ್ಟರೆ ಅರ್ಧ ಕೆಲಸ ಹೋದ ಹಾಗೆ, ಜೊತೆಗೆ ಉಳಿದ ಸ್ಟುಡಿಯೊಗಳಲ್ಲಿ ಜಗಳಗಂಟಿ ಎಂಬ ಬಿರುದು. "ಸುಮ್ನೆ ಇದ್ದುಬಿಡೇ," ಎಂದು ಯಜಮಾನರು ಎರಡು ಸಲ ಹೇಳಿ ನೋಡಿದ್ದಾರೆ. ಇವರು ಪಟ್ಟು ಸಡಿಲಿಸಿಲ್ಲ.

ಎಂಟು ಗಂಟೆಗೆ ಅದೇ ಫೋಟೊಗ್ರಾಫರ್ ಕಳಿಸಿದ ವ್ಯಾನು ಬಂದು ನಿಲ್ಲುತ್ತದೆ. ಡ್ರೈವರ್ ಹಲಗೆಗೆ ಕೈ ಹಾಕುವಷ್ಟರಲ್ಲಿ ಗೋಡೆಯಕ್ಕ ಅಡ್ಡ ನಿಲ್ಲುತ್ತಾರೆ. "ನಾನೂ ಬರ್ತೀನಿ. ಆಗಲ್ಲ ಅಂದ್ರೆ ಖಾಲಿ ಗಾಡಿ ತಗೊಂಡು ಹೋಗಪ್ಪ."

ಡ್ರೈವರ್ ತಲೆ ಕೆರೆದುಕೊಂಡು ಫೋನ್ ಹಚ್ಚುತ್ತಾನೆ. "ಸರ್, ಅಕ್ಕ ಬಿಡ್ತಾ ಇಲ್ಲ." ಆ ಕಡೆಯಿಂದ ಒಂದಿಷ್ಟು ಕೂಗಾಟ. ಯಜಮಾನರ ಕೈಯಲ್ಲಿ ಜರಡಿ ನಿಂತಿದೆ. ಗೋಡೆಯಕ್ಕ ಒಂದು ಹೆಜ್ಜೆಯೂ ಸರಿಯುವುದಿಲ್ಲ. ಸ್ಟುಡಿಯೊದಲ್ಲಿ ಮೇಕಪ್ ಮುಗಿಸಿ ಕೂತವರು ಕಾಯುತ್ತಿದ್ದಾರೆ, ಗೋಡೆಯೊಂದೇ ಇಲ್ಲ. ಕೊನೆಗೆ ಡ್ರೈವರ್ ಫೋನ್ ಜೇಬಿಗಿಳಿಸುತ್ತಾನೆ. "ಬರ್ಲಿ ಅಂದ್ರು. ಹತ್ತಿ ಅಕ್ಕಾ."

ಇಬ್ಬರೂ ಸೇರಿ ಗೋಡೆಯನ್ನು ಹತ್ತಿಸುತ್ತಾರೆ. ಗೋಡೆಯಕ್ಕ ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟಿಗೆ ಕಾಲಿಡುವಾಗ ಯಜಮಾನರು ಗಾಬರಿಯಿಂದ ಕೂಗುತ್ತಾರೆ. "ಲೇ, ದೊಡ್ಡೋರ ಜಾಗಕ್ಕೆ ಹೋಗ್ತಿದ್ದೀಯಾ, ಕೈಯಾದ್ರೂ ತೊಳ್ಕೊಂಡು ಹೋಗೇ!"

ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡ ಕೈಗಳನ್ನು ಗೋಡೆಯಕ್ಕ ಒಮ್ಮೆ ನೋಡಿಕೊಳ್ಳುತ್ತಾರೆ.

"ಯಾಕ್ರೀ ತೊಳೀಬೇಕು? ಹೀಗೇ ಹೋಗ್ತೀನಿ. ಗೋಡೆ ಮಾಡಿದ್ದು ಯಾರು ಅಂತ ಇವತ್ತು ಅಲ್ಲಿ ಯಾರೂ ಕೇಳೋದೇ ಬೇಡ."