ಜೆಟ್ಟಿಯೆದುರಿನ ಮನೆಯ ಹಳೆಯ ಬೀಗ

ಮಂಜು ಇನ್ನೂ ನೀರಿನ ಮೇಲಿಂದ ಎದ್ದಿಲ್ಲ. ಚಿಲೋಯೆ ದ್ವೀಪಸಮೂಹದ ನಮ್ಮ ಪುಟ್ಟ ದ್ವೀಪದಲ್ಲಿ ಮೊದಲ ದೋಣಿ ಹೊರಡುವ ಮುಂಚೆಯೇ ಅರ್ಮಾಂದಿನಾ ಚಿಗ್ವಾಯ್, ಊರವರ ಬಾಯಲ್ಲಿ ಮಂದಿನಾ, ಬ್ರೆಡ್ ಅಂಗಡಿಯಲ್ಲಿ ಒಂದು ಮುದಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ವೈಫೈ ಹೆಸರು ಪರದೆಯ ಮೇಲೆ ಕಾಣುತ್ತಿದೆ, ಒಳಗೆ ಮಾತ್ರ ಬಿಡುತ್ತಿಲ್ಲ. ‘ಭದ್ರತೆಯ ಬಗೆ ಗುರುತಿಸಲಾಗಲಿಲ್ಲ’ ಎಂಬುದೊಂದೇ ರಾಗ. ಬ್ರೆಡ್ಡಿಗೆಂದು ಬಂದ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ.

“ದೋನ್ಯಾ ಮಂದಿನಾ, ಇದನ್ನ ಒಲೆಗೆ ಹಾಕ್ಬಿಡ್ಲಾ?” ಎನ್ನುತ್ತಾರೆ ಅಂಗಡಿಯ ಯಜಮಾನ ದೋನ್ ಒನೊಫ್ರೆ.

“ಹಾಕಿ. ನಿಮ್ಮ ಬ್ರೆಡ್ಡಿಗಿಂತ ಚೆನ್ನಾಗಿ ಬೇಯುತ್ತೆ.”

ಪುಸ್ತಕದವರು ಗೂಢಲಿಪೀಕರಣ ಎನ್ನುವುದನ್ನು ಮಂದಿನಾ ಬೀಗ ಎನ್ನುತ್ತಾರೆ. ವೈಫೈ ಪೆಟ್ಟಿಗೆಗೆ ಹೊಸ ಬೀಗ ಬಿದ್ದಿದೆ, ಕಂಪ್ಯೂಟರ್ ಇನ್ನೂ ಹಳೆಯದನ್ನೇ ಹುಡುಕುತ್ತಿದೆ. ಅವರು ಹಳೆಯ ಸಂಪರ್ಕವನ್ನು ಅಳಿಸಿ, ಬೀಗದ ಬಗೆಯನ್ನು ಕೈಯಾರೆ ಆರಿಸಿಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೊರಳಲ್ಲಿ ನೇತಾಡುವ ಪೆನ್‌ಡ್ರೈವಿನಿಂದ ಹೊಸ ಡ್ರೈವರ್ ತಂತ್ರಾಂಶ ಹಾಕುತ್ತಾರೆ. “ಬೈಬಾರದು ಪಾಪ. ಬಾಗಿಲು ಕಾಣ್ತಿದೆ ಅದಕ್ಕೆ. ಬೀಗ ಯಾವುದು ಅಂತ ತಿಳೀತಿಲ್ಲ, ಅಷ್ಟೆ” ಎನ್ನುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಮನೆ, ಕೂಲಿಗೆ ಮೊಟ್ಟೆ, ಆಲೂಗಡ್ಡೆ, ಒಮ್ಮೊಮ್ಮೆ ಒಂದು ಜೊತೆ ಉಣ್ಣೆ ಕಾಲುಚೀಲ.

ಈ ವಿದ್ಯೆ ಕಲಿಸಿದವನು ಗಂಡ ಎವಾರಿಸ್ತೋ. ದೋಣಿ ಎಂಜಿನ್ ರಿಪೇರಿಯವನು. ಕೆಲಸ ಹುಡುಕಿ ಗಡಿಯಾಚೆ ಅರ್ಜೆಂಟೀನಾದ ಕುರಿ ಸಾಕಣೆಗೆ ಹೋದ. ಮನೆಯ ಹಳೆಯ ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ಒಯ್ದ. ವರ್ಷಕ್ಕೊಮ್ಮೆ ಬಂದಾಗ ದೋಣಿ ನಿಲ್ಲುವ ಜೆಟ್ಟಿಯಲ್ಲಿಳಿದು ಅದನ್ನು ತೆರೆದರೆ ಸಾಕು, ಎದುರಿನ ತನ್ನ ಮನೆಯ ವೈಫೈ ತಾನಾಗಿ ಹಿಡಿಯುತ್ತಿತ್ತು. ಮಂದಿನಾರ ಪರದೆಯ ಮೇಲೆ ಎರಡೇ ಮಾತು ಮೂಡುತ್ತಿದ್ದವು: ‘ಬಂದೆ. ನೀರಿಡು.’ ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಮಾಟೆ ಕಷಾಯಕ್ಕೆ ನೀರು ಕುದಿಯುತ್ತಿತ್ತು. ಆಮೇಲೆ ಒಂದು ಬೇಸಿಗೆ ಅವನು ಬರಲಿಲ್ಲ. ಮುಂದಿನದಕ್ಕೂ ಇಲ್ಲ. ಫೋನಿಲ್ಲ, ಸುದ್ದಿಯಿಲ್ಲ.

ಊರಿನ ಮನೆಮನೆಗೂ ಹೊಸ ಬೀಗ ಹಾಕುವ ಈ ಹೆಂಗಸಿನ ಸ್ವಂತ ಮನೆಯಲ್ಲಿ ಇನ್ನೂ ಹಳೆಯದೇ, ಕಳ್ಳರು ನಗುವಂಥ ಬೀಗ. ದೀಪದ ಬುಡದಲ್ಲಿ ಕತ್ತಲೆ ಎಂದು ನಾನೇ ಎಷ್ಟೋ ಸಲ ಕೆಣಕಿದ್ದೇನೆ. “ಅವನ ಕಂಪ್ಯೂಟರಿಗೆ ಹೊಸದು ತಿಳಿಯಲ್ಲ ಕಣ್ರೀ” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ಅವನು ಬರುತ್ತಾನೆಂದು ನನಗೆ ನಂಬಿಕೆಯಿಲ್ಲ. ಆದರೂ ದೋಣಿ ಬಂದಾಗಲೆಲ್ಲ ಅವರ ಕಣ್ಣು ಪರದೆಗೆ ಹೋಗುತ್ತದೆ.

ಅಷ್ಟರಲ್ಲಿ ಮಂದಿನಾರ ಪಕ್ಕದ ಮನೆಯ ರೊಸಾಲ್ಬಾ ಲ್ಯಾಪ್‌ಟಾಪ್ ಅವುಚಿಕೊಂಡು ಏದುಸಿರು ಬಿಡುತ್ತ ಅಂಗಡಿಗೆ ಬರುತ್ತಾರೆ. ಅವರ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವರು ಮಂದಿನಾ, ಹಾಗಾಗಿ ಇಬ್ಬರೂ ಪರಸ್ಪರ ಕೋಮಾದ್ರೆ, ಎಂದರೆ ಜೊತೆತಾಯಿ. ಆ ಮಗಳಿಗೇ ಇವತ್ತು ಪುವೆರ್ತೋ ಮೊಂಟ್ ನಗರದಲ್ಲಿ ಹೃದಯದ ಆಪರೇಷನ್.

“ಕೋಮಾದ್ರೆ, ಒಳಗೆ ಕರ್ಕೊಂಡು ಹೋಗೋ ಮುಂಚೆ ಮುಖ ತೋರಿಸ್ತೀನಿ ಅಂದಿದ್ದಾಳೆ! ಹೊಸ ಕಂಪ್ಯೂಟರು ನಿನ್ನ ವೈಫೈ ಬೇಡ ಅಂತಿದೆ. ಬೀಗ ಹಳೇದಂತೆ, ನಂಬಲ್ವಂತೆ.”

ಮೂವರೂ ಮಂದಿನಾರ ಮನೆಗೆ ಧಾವಿಸುತ್ತೇವೆ. ಒಲೆಯ ಮೇಲಿನ ಹಲಗೆಯಲ್ಲಿ ಪೆಟ್ಟಿಗೆ ಮಿನುಗುತ್ತಿದೆ. ಈ ಪೆಟ್ಟಿಗೆಗೆ ಎರಡೂ ಬೀಗ ಒಟ್ಟಿಗೆ ಹಾಕಲು ಬರುವುದಿಲ್ಲ. ಮಂದಿನಾ ಅದರ ಸೆಟ್ಟಿಂಗ್ ತೆರೆದು ಹಳೆಯ ಬೀಗದ ಹೆಸರಿನ ಮೇಲೆ ಬೆರಳಿಡುತ್ತಾರೆ.

ರೊಸಾಲ್ಬಾಗೆ ಅರ್ಥವಾಗುತ್ತದೆ. “ಬೇಡ ಬಿಡೇ. ನಾನು ಗುಡ್ಡದ ಮೇಲಿನ ಶಾಲೆಗೆ ಓಡ್ತೀನಿ.”

“ಆ ಮಂಡಿ ಇಟ್ಕೊಂಡು ಓಡ್ತಾಳಂತೆ! ಕೂತ್ಕೊಳ್ಳೇ ಸುಮ್ನೆ.”

ಹೊಸ ಬೀಗ ಆರಿಸಿ ಗುಂಡಿ ಒತ್ತುತ್ತಾರೆ. ಪೆಟ್ಟಿಗೆಯ ದೀಪಗಳು ಆರುತ್ತವೆ, ಒಂದೊಂದಾಗಿ ಮತ್ತೆ ಹೊತ್ತುತ್ತವೆ. ರೊಸಾಲ್ಬಾರ ಮಡಿಲಿನ ಕಂಪ್ಯೂಟರ್ ರಿಂಗಣಿಸುತ್ತದೆ. ಆಸ್ಪತ್ರೆಯ ಹಸಿರು ಟೋಪಿ ತೊಟ್ಟ ಹುಡುಗಿ ನಗುತ್ತಾಳೆ: “ಅಮ್ಮಾ, ಇವತ್ತಾದ್ರೂ ತಲೆ ಬಾಚ್ಕೋಬಾರ್ದಾ?” ತಾಯಿ ಅಳುತ್ತ, ನಗುತ್ತ ಬೆರಳಲ್ಲೇ ಕೂದಲು ಸರಿಮಾಡಿಕೊಳ್ಳುತ್ತಾರೆ. ಮಂದಿನಾ ರೊಸಾಲ್ಬಾರ ಭುಜದ ಹಿಂದಿನಿಂದ ಇಣುಕಿ ಶಿಲುಬೆಯ ಗುರುತು ಮಾಡುತ್ತಾರೆ.

ಮಧ್ಯಾಹ್ನ ಆಸ್ಪತ್ರೆಯಿಂದ ಒಳ್ಳೆಯ ಸುದ್ದಿ ಬರುತ್ತದೆ. ಅದರ ಹಿಂದೆಯೇ ದೋಣಿಯೂ ಬರುತ್ತದೆ. ಮಂದಿನಾ ಅಭ್ಯಾಸಬಲದಿಂದ ಪರದೆಯತ್ತ ತಿರುಗಿ, ನೆನಪಾಗಿ ಕಿಟಕಿಯತ್ತ ನೋಡುತ್ತಾರೆ. ಇಳಿದವರು ಇಬ್ಬರೇ, ಇಬ್ಬರೂ ಊರಿನವರೇ. ಅವನು ಬರುವ ಆಸೆ ಇನ್ನೂ ಇದೆಯೇ ಎಂದು ಕೇಳಬಾರದಿತ್ತೇನೋ, ಕೇಳಿಬಿಡುತ್ತೇನೆ.

ಅವರು ಕೆಟಲನ್ನು ಒಲೆಯ ಬಿಸಿ ಮಗ್ಗುಲಿಗೆ ಸರಿಸುತ್ತಾರೆ. “ಮೊದಲೆಲ್ಲ ಜೆಟ್ಟಿಯಿಂದಲೇ ‘ಬಂದೆ’ ಅಂತ ಹೇಳ್ಬಿಡ್ತಿದ್ದ ಮಹಾರಾಯ. ಇನ್ನು ಬಾಗಿಲು ತಟ್ಟಬೇಕು. ತಟ್ಟಲಿ. ನೀರಂತೂ ಬಿಸಿಯಾಗೇ ಇರುತ್ತೆ.”